ಮೂಲ: ತಾಯಿ

ಜಗತ್ತಿನ ಡಬ್ಬಿಗಳೆಲ್ಲ ಒಂದೇ ಭಾಷೆ ಮಾತನಾಡಲು ತೊಡಗಿ ಆರು ವರ್ಷಗಳಾಗಿದ್ದವು.

ಅದಕ್ಕೆ ಮೊದಲು ಹೀಗಿರಲಿಲ್ಲ. ಒಂದು ಪೀಪಾಯಿ ದ್ರಾವಣ ಒಂದು ಬಂದರಿನಲ್ಲಿ ಹಡಗು ಹತ್ತುವಾಗ ವಿಷ ಎನಿಸಿಕೊಳ್ಳುತ್ತಿತ್ತು. ಇನ್ನೊಂದು ಬಂದರಿನಲ್ಲಿ ಇಳಿಯುವಾಗ ಬರೀ ‘ಜೋಪಾನ’ ಎನಿಸಿಕೊಳ್ಳುತ್ತಿತ್ತು. ಮೂರನೆಯ ದೇಶದ ಗೋದಾಮಿನಲ್ಲಿ ಅದರ ಮೈಮೇಲೆ ಏನೂ ಇರುತ್ತಿರಲಿಲ್ಲ. ಪೀಪಾಯಿ ಅದೇ, ಒಳಗಿರುವುದೂ ಅದೇ. ವ್ಯಾಪಾರಿಗಳು ತಮಗೆ ಬೇಕಾದ ಗುರುತು ಸಿಗುವವರೆಗೆ ಒಂದಾದ ಮೇಲೊಂದು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುತ್ತಿದ್ದರು. ಕೊನೆಗೆ ದೇಶಗಳೆಲ್ಲ ಕೂತು ಏಕಚೀಟಿ ಒಪ್ಪಂದಕ್ಕೆ ಸಹಿ ಹಾಕಿದವು. ಒಂದು ವಸ್ತು, ಒಂದು ಪರೀಕ್ಷೆ, ಒಂದು ಗುರುತು. ಆ ಗುರುತನ್ನು ಯಾವ ದೇಶವೂ ತಾನೊಂದೇ ಅಳಿಸುವಂತಿಲ್ಲ.

ಗುರುತು ಎಂದರೆ ಮೂಲೆಯ ಮೇಲೆ ನಿಂತ ಕೆಂಪಂಚಿನ ಚೌಕ, ಅದರೊಳಗೆ ಒಂದು ಕಪ್ಪು ಚಿತ್ರ. ಹೊತ್ತಿಕೊಳ್ಳುವುದಕ್ಕೆ ಜ್ವಾಲೆ, ಕೊಲ್ಲುವುದಕ್ಕೆ ತಲೆಬುರುಡೆ. ಸದ್ದಿಲ್ಲದೆ ವರ್ಷಗಟ್ಟಲೆ ಒಳಗೇ ಕೆಲಸ ಮಾಡುವುದಕ್ಕೆ, ಎದೆಯಲ್ಲಿ ನಕ್ಷತ್ರದಂತೆ ಬಿರುಕು ಬಿಟ್ಟ ಒಬ್ಬ ಮನುಷ್ಯ. ನಮ್ಮ ಕಡೆಯ ಜನ ಅವನನ್ನು ‘ಎದೆ ಒಡೆದವನು’ ಎಂದು ಕರೆಯುತ್ತಿದ್ದರು. ಫಿನಾಯಿಲ್ ಬಾಟಲಿಯ ಮೇಲೆ, ಬಣ್ಣದ ಡಬ್ಬದ ಮೇಲೆ, ಹೇನಿನ ಔಷಧದ ಮೇಲೆ ಅವನನ್ನು ನೋಡಿ ನೋಡಿ, ದೂರದ ನೆಂಟನೊಬ್ಬ ಮನೆಯಲ್ಲೇ ಉಳಿದುಕೊಂಡಂತೆ ಅವರಿಗೆ ಅಭ್ಯಾಸವಾಗಿ ಹೋಗಿತ್ತು.

ಚೀಟಿಯನ್ನು ಯಾರೂ ಅಚ್ಚು ಹಾಕುತ್ತಿರಲಿಲ್ಲ. ಅದು ಈರುಳ್ಳಿಯ ಪೊರೆಯಷ್ಟು ತೆಳುವಾದ ಬಿಳಿಯ ಹಾಳೆ. ಪಾತ್ರೆಗೆ ಅಂಟಿಸಿದರೆ, ಪರೀಕ್ಷೆಯ ಯಂತ್ರ ಕಳಿಸಿದ ಗುರುತು ಅದರ ಮೇಲೆ ತಾನಾಗಿ ಮೂಡುತ್ತಿತ್ತು. ಆ ಯಂತ್ರಕ್ಕೆ ನಾವು ‘ಮೂಗು’ ಎನ್ನುತ್ತಿದ್ದೆವು. ಒಲೆಯ ಮೇಲಿನ ಕುಕ್ಕರಿನಷ್ಟು ದೊಡ್ಡದು. ಹತ್ತು ಮಿಲಿಲೀಟರ್ ಮಾದರಿ ಹಾಕಿದರೆ ಅದನ್ನು ಬಿಸಿ ಮಾಡಿ, ಏಳುವ ಆವಿಯನ್ನು ಮೂಸಿ, ಏನೇನು ಎಷ್ಟೆಷ್ಟಿದೆ ಎಂದು ಲೆಕ್ಕ ಹಾಕಿ, ಎಲ್ಲ ದೇಶಗಳೂ ಒಪ್ಪಿದ ವಿಶ್ವಪಟ್ಟಿಯನ್ನು ಕೇಳಿ, ಉತ್ತರ ಹೇಳುತ್ತಿತ್ತು.

ನಾನು ಆ ಮೂಗಿನ ಪಕ್ಕ ಕೂರುವ ಗುರುತು ಅಧಿಕಾರಿ. ಹೆಸರು ಲೋಲಾಕ್ಷಿ. ಹಗಲು ಸೀರೆ ಅಂಗಡಿಯಲ್ಲಿ ನಿಂತು, ಸಂಜೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳು. ಹಗಲು ಓದಿದವರಿಗೆ ತಿಳಿದಿರುವ ಏನೋ ಒಂದು ನನಗೆ ತಿಳಿದಿಲ್ಲ ಎಂಬ ಅಳುಕು ಇವತ್ತಿಗೂ ಹೋಗಿಲ್ಲ. ಅದಕ್ಕೇ ನಿಯಮದ ಪುಸ್ತಕವನ್ನು ಬೇರೆಯವರಿಗಿಂತ ಎರಡು ಸಲ ಹೆಚ್ಚು ಓದುತ್ತೇನೆ. ಈ ಕೆಲಸದ ಮೇಲೆ ನನಗೆ ಭಕ್ತಿಯೇ ಇತ್ತು ಎನ್ನಬೇಕು. ನಾನು ಆರನೇ ಕ್ಲಾಸಿನಲ್ಲಿದ್ದಾಗ, ಯಾರೋ ತಲೆಗೆಣ್ಣೆಯ ಬಾಟಲಿಯಲ್ಲಿ ತುಂಬಿಟ್ಟಿದ್ದ ಕಕ್ಕಸಿನ ಆಸಿಡ್ಡನ್ನು ಅಮ್ಮ ಅಂಗೈಗೆ ಸುರಿದುಕೊಂಡು ನೆತ್ತಿಗೆ ತಟ್ಟಿಕೊಂಡಿದ್ದಳು. ಬಲಗಣ್ಣು ಹೋಯಿತು. ಬಾಟಲಿಯ ಮೇಲೆ ಒಂದು ಚಿತ್ರವಿದ್ದಿದ್ದರೆ ಹೋಗುತ್ತಿರಲಿಲ್ಲ.

ಸಂಜೆ ಕಾಲೇಜಿನ ಮೇಷ್ಟ್ರು ಒಮ್ಮೆ ನಮ್ಮನ್ನು ಮೈಸೂರಿನ ಮೃಗಾಲಯಕ್ಕೆ ಕರೆದುಕೊಂಡು ಹೋಗಿ ಹುಲಿಯ ಬೋನಿನ ಮುಂದೆ ನಿಲ್ಲಿಸಿದ್ದರು. “ಈ ಬೋರ್ಡು ನೋಡಿ. ಹುಲಿ ಏನು ಮಾಡಬಲ್ಲದು ಅಂತ ಹೇಳುತ್ತೆ. ಬೋನು ಎಷ್ಟು ಗಟ್ಟಿ, ಹುಲಿಗೆ ಹಲ್ಲಿದೆಯೋ ಇಲ್ಲವೋ, ನೀವು ಎಷ್ಟು ಹತ್ತಿರ ಇದ್ದೀರಿ, ಅದನ್ನ ಹೇಳಲ್ಲ. ನಮ್ಮ ಗುರುತೂ ಅಷ್ಟೇ. ಅಪಾಯ ಇದೆ ಅನ್ನುತ್ತೆ. ಅಪಾಯ ಆಗುತ್ತಾ ಅನ್ನೋದು ಬೇರೆ ಪ್ರಶ್ನೆ.” ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನಾನು ಪೂರ್ತಿ ಅಂಕ ತೆಗೆದುಕೊಂಡಿದ್ದೆ.

*

ನನ್ನನ್ನು ಹಾಕಿದ್ದು ನಮ್ಮೂರಿನ ಹೆರಿಗೆ ಆಸ್ಪತ್ರೆಗೆ. ಆಸ್ಪತ್ರೆಗೇಕೆ ಮೂಗು ಎಂದು ಕೇಳಬಹುದು. ತಾಯಂದಿರು ದಾನ ಕೊಟ್ಟ ಎದೆಹಾಲನ್ನು ಹೆಪ್ಪುಗಟ್ಟಿಸಿ ಊರಿಂದ ಊರಿಗೆ, ದೇಶದಿಂದ ದೇಶಕ್ಕೆ ಕಳಿಸತೊಡಗಿದ ಮೇಲೆ ಹಾಲೂ ಒಪ್ಪಂದದೊಳಗೆ ಬಂತು. ದಿನ ತುಂಬದ ಶಿಶುಗಳ ವಾರ್ಡಿಗೆ ಹೊರಗಿನಿಂದ ಬರುವ ಪ್ರತಿ ಬಾಟಲಿ ಹಾಲನ್ನೂ ಮೂಸಿಸಬೇಕಿತ್ತು. ಎರಡೂವರೆ ವರ್ಷ ಮೂಸಿಸಿದ್ದೆ. ಹಾಳೆ ಒಂದು ಸಲವೂ ಕೆಂಪಾಗಿರಲಿಲ್ಲ.

ಆ ಮಂಗಳವಾರ ಬೆಳಿಗ್ಗೆ ಸಿಸ್ಟರ್ ಫ್ಲೇವಿಯಾ ಗಾಜಿನ ಬಾಟಲಿಯೊಂದನ್ನು ತಂದು ಮೇಜಿನ ಮೇಲಿಟ್ಟರು. “ನಾಲ್ಕನೇ ಪೆಟ್ಟಿಗೆ ಮಗೂದು. ರೋಜಾ ಅಂತ ತಾಯಿ ಹೆಸರು. ನಿನ್ನೆ ಡಿಸ್ಚಾರ್ಜ್ ಆದಳು, ಮಗು ಇನ್ನೂ ಎರಡು ವಾರ ಇರುತ್ತೆ. ಅತ್ತೆ ಮನೆಯಿಂದ ತಂದುಕೊಟ್ಟರು.”

ನಾಲ್ಕನೇ ಕಾವುಪೆಟ್ಟಿಗೆಯ ಮಗು ನನಗೆ ಗೊತ್ತಿತ್ತು. ಎಂಟು ತಿಂಗಳಿಗೆ ಹುಟ್ಟಿದ ಹೆಣ್ಣು. ಮೂಗಿನೊಳಗೆ ನಳಿಕೆ. ಒಂದೂವರೆ ಕಿಲೋ ಇತ್ತು.

ಹತ್ತು ಮಿಲಿ ಹಾಲು ಹಾಕಿದೆ. ಮೂಗು ಎಂದಿಗಿಂತ ಹೆಚ್ಚು ಹೊತ್ತು ಗುಂಯ್‌ಗುಟ್ಟಿತು. ಆಮೇಲೆ ಬಾಟಲಿಯ ಬಿಳಿಯ ಹಾಳೆಯ ಮೇಲೆ ಮೊದಲು ಕೆಂಪು ಅಂಚು, ನಂತರ ಕಪ್ಪು ಹೆಗಲು, ತಲೆ, ಕೊನೆಗೆ ಎದೆಯ ನಕ್ಷತ್ರ ಮೂಡಿದವು. ಕೆಳಗೆ ಕನ್ನಡದಲ್ಲಿ: ‘ವೆಲೋಲ್. ಶೇಕಡಾ 0.4. ಎದೆಹಾಲು ಕುಡಿಯುವ ಮಕ್ಕಳಿಗೆ ಹಾನಿ ಮಾಡಬಹುದು.’ ಹಾಲಿನ ಮಟ್ಟಿಗೆ ಪಟ್ಟಿಯ ಮಿತಿ 0.3.

ವೆಲೋಲ್ ನನಗೆ ಗೊತ್ತಿತ್ತು. ಊದುಬತ್ತಿಯ ಪರಿಮಳ ಬೇಗ ಹಾರಿಹೋಗದಂತೆ ಹಿಡಿದಿಡುವ ಎಣ್ಣೆ. ರೋಜಾಳ ಕೇಸ್ ಶೀಟಿನಲ್ಲಿ ‘ಉದ್ಯೋಗ: ಊದುಬತ್ತಿಯನ್ನು ಸುಗಂಧಕ್ಕೆ ಅದ್ದುವುದು’ ಎಂದಿತ್ತು. ಎಲ್ಲ ಕೂಡಿಕೊಂಡಿತು. ಬಹಳ ಸುಲಭವಾಗಿ ಕೂಡಿಕೊಂಡಿತು ಎಂದು ಈಗ ಅನಿಸುತ್ತದೆ.

ಪರದೆಯ ಮೇಲೆ ಒಂದು ನಮೂನೆ ತೆರೆದುಕೊಂಡಿತು. ಕೊನೆಯ ಕಲಮು ‘ಮೂಲ’. ಅದರ ಕೆಳಗೆ ನಾಲ್ಕು ಉತ್ತರ: ಕಾರ್ಖಾನೆ, ಪಾತ್ರೆ, ಜೀವಿ, ಗೊತ್ತಿಲ್ಲ.

‘ಗೊತ್ತಿಲ್ಲ’ ಎಂದು ಒತ್ತಿದರೆ ಆ ನಮೂನೆ ಮೇಲಿನ ಕಚೇರಿಗೆ ಹೋಗುತ್ತದೆ. ಏಕೆ ಗೊತ್ತಿಲ್ಲ ಎಂದು ಅವರು ವಿವರಣೆ ಕೇಳುತ್ತಾರೆ. ಸಂಜೆ ಕಾಲೇಜಿನವಳು ಎಂದು ಅಂದುಕೊಳ್ಳುತ್ತಾರೆ, ಅಥವಾ ಹಾಗೆ ಅಂದುಕೊಳ್ಳುತ್ತಾರೆಂದು ನಾನು ಅಂದುಕೊಳ್ಳುತ್ತೇನೆ. ಎರಡೂವರೆ ವರ್ಷದಲ್ಲಿ ಆ ಗುಂಡಿಯನ್ನು ನಾನು ಒಮ್ಮೆಯೂ ಒತ್ತಿರಲಿಲ್ಲ. ಅಂದೂ ಒತ್ತಲಿಲ್ಲ. ‘ಜೀವಿ’ ಎಂದು ಒತ್ತಿ, ಮುಂದಿನ ಖಾಲಿ ಜಾಗದಲ್ಲಿ ‘ತಾಯಿ’ ಎಂದು ಬರೆದೆ.

ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಬೆಳಗಿತು. ‘ಮೂಲ: ತಾಯಿ. ನೋಂದಾಯಿಸಲಾಗಿದೆ. ಮೂಲವನ್ನು ಮುಚ್ಚಲಾಗಿದೆ.’

“ಒಳ್ಳೇ ಮಲ್ಲಿಗೆ ವಾಸನೆ ಬರ್ತಿತ್ತು ಅಂದ್ಕೊಂಡೆ,” ಎಂದರು ಫ್ಲೇವಿಯಾ ಬಾಟಲಿ ತೆಗೆದುಕೊಳ್ಳುತ್ತ. “ತಾಯಿ ಹೂ ಮುಡ್ಕೊಂಡಿದ್ಲೇನೋ ಅಂತ.”

ಆ ಮಾತು ನನ್ನ ಕಿವಿಗೆ ಬಿತ್ತು. ತಲೆಗೆ ಹೋಗಲಿಲ್ಲ.

*

ಮನೆಯಲ್ಲಿ ನನ್ನ ಗಂಡ ನಂಜುಂಡ ಉಪ್ಪಿನಕಾಯಿ ಭರಣಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. “ಲೋಲ, ನಿಮ್ಮಮ್ಮನ ಈ ನಿಂಬೆಕಾಯಿಗೆ ನಿನ್ನ ಮೂಗು ಏನ್ ಕೊಡುತ್ತೆ? ತಲೆಬುರುಡೇನಾ?”

ಒಳಗಿನಿಂದ ಅಮ್ಮ ಕೂಗಿದಳು. “ತಿಂದವನು ಹತ್ತು ವರ್ಷದಿಂದ ಗುಂಡುಕಲ್ಲಾಗಿದಾನಲ್ಲ, ಅವನ ಚಿತ್ರ ಹಾಕ್ಲಿ.”

ನಾನು ನಗಲಿಲ್ಲ. ನಂಜುಂಡ ಭರಣಿ ಕೆಳಗಿಟ್ಟ. ನಡೆದದ್ದನ್ನು ಹೇಳಿದೆ.

“ನೀನು ಸರಿಯಾಗೇ ಮಾಡಿದೀಯ. ಮಗು ಹೊಟ್ಟೆಗೆ ಹೋಗೋದು ತಪ್ತಲ್ಲ.”

“ಹೌದು.”

“ಮತ್ತೆ?”

“ಅಷ್ಟೊಂದು ಎಣ್ಣೆ ಒಬ್ಬಳ ಮೈಯಲ್ಲಿ ಹೇಗೆ ಸೇರುತ್ತೆ? ಹಾಲಲ್ಲಿ ಇಷ್ಟಿದ್ದರೆ ರಕ್ತದಲ್ಲಿ ಎಷ್ಟಿರಬೇಕು? ಅವಳು ನಡೆದಾಡೋಕೇ ಆಗಬಾರದು. ನಾನು ಲೆಕ್ಕ ತಪ್ಪಿದೀನೋ ಏನೋ.”

“ಯಂತ್ರ ತಪ್ಪಿರಬಹುದಲ್ಲ?”

“ಯಂತ್ರ ತಪ್ಪಲ್ಲ.”

“ಹಂಗಾದ್ರೆ ನಾಳೆ ಹೋಗಿ ಕೇಳು. ಅವರ ಮನೆ ಎಲ್ಲಿ?”

*

ಊದುಬತ್ತಿ ಬೀದಿ ಊರಿನ ಹಿಂಭಾಗದಲ್ಲಿ ಹೊಳೆಗೆ ಹೋಗುವ ಇಳಿಜಾರಿನಲ್ಲಿದೆ. ಕಾಲಿಟ್ಟ ಕೂಡಲೇ ವಾಸನೆ ಮುಖಕ್ಕೆ ಹೊಡೆಯಿತು. ಮಲ್ಲಿಗೆ, ಗುಲಾಬಿ, ಗಂಧ ಎಲ್ಲ ಒಟ್ಟಿಗೆ, ಗಂಟಲಲ್ಲಿ ಅಂಟುವಷ್ಟು ದಪ್ಪನೆಯ ವಾಸನೆ. ಜಗುಲಿಗಳ ಮೇಲೆ ಕಪ್ಪು ಕಡ್ಡಿಗಳನ್ನು ಬೀಸಣಿಗೆಯಂತೆ ಹರಡಿ ಒಣಗಲು ಇಟ್ಟಿದ್ದರು.

ರೋಜಾ ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದಳು. ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ. ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟುಕೊಂಡಿದ್ದಳು. ರವಿಕೆಯ ಮುಂಭಾಗ ಒದ್ದೆಯಾಗಿತ್ತು. ನಾನು ಯಾರೆಂದು ಹೇಳಿದಾಗ ಅವಳು ಎದ್ದು ನಿಂತುಬಿಟ್ಟಳು.

“ಕೂತ್ಕೊಳಮ್ಮ.”

“ನಂದೇ ತಪ್ಪು ಮೇಡಂ,” ಎಂದಳು, ನಾನಿನ್ನೂ ಏನೂ ಕೇಳುವ ಮೊದಲೇ. “ಎಂಟನೇ ತಿಂಗ್ಳುವರ್ಗೂ ಅದ್ದಿದೆ. ಮೊದಲ್ನೇದು ನಿಲ್ನಿಲ್ಲ, ಆವಾಗ್ಲೇ ಬುಡ್ಬೇಕಾಗಿತ್ತು. ಮೈಯೆಲ್ಲ ಸೇರ್ಕಂಡದೆ ಅಲ್ವಾ?”

ಅವಳ ಅತ್ತೆ ಚಿಕ್ಕತಾಯಮ್ಮ ಬಾಗಿಲಲ್ಲಿ ನಿಂತಿದ್ದರು. ಗಟ್ಟಿ ಹೆಂಗಸು, ಬೆರಳ ತುದಿಗಳೆಲ್ಲ ಇದ್ದಿಲಿನಂತೆ ಕಪ್ಪು. “ನಲವತ್ತೊರ್ಸ ನಾನೂ ಅದ್ದಿವ್ನಿ ಕಣವ್ವ. ಮೂರ್ ಮಕ್ಳು ನನ್ನಾಲೇ ಕುಡುದ್ರು. ಒಬ್ನು ಪೋಲೀಸು. ಅವ್ನೆದೆ ಒಡೆದದಾ? ಓಗಿ ನೋಡ್ಕಬನ್ನಿ, ಕಂಬ ಇದ್ದಂಗವ್ನೆ.”

“ಅಮ್ಮ, ಆಸ್ಪತ್ರೆಗೆ ಹಾಲು ಯಾವುದರಲ್ಲಿ ತಂದಿರಿ?”

“ಸೀಸೆಲಿ.”

“ಯಾವ ಸೀಸೆ? ಸ್ವಲ್ಪ ತೋರಿಸ್ತೀರಾ?”

ಅವರು ಅಡುಗೆಮನೆಯಿಂದ ತಂದದ್ದು ಗಾಜಿನದಲ್ಲ. ಅಂಗೈ ಉದ್ದದ ಅಲ್ಯುಮಿನಿಯಂ ಬಾಟಲಿ, ತಿರುಗಿಸುವ ಮುಚ್ಚಳ. ಬೆಳ್ಳಿಯಂತೆ ಫಳಫಳ ಹೊಳೆಯುತ್ತಿತ್ತು. ಪಕ್ಕದಲ್ಲಿ ಹಾಳೆ ಕಿತ್ತ ಚೌಕ ಗುರುತು ಮಾತ್ರ ಮಸುಕಾಗಿ ಉಳಿದಿತ್ತು.

“ಇದು ಸುಗಂಧದ ಬಾಟ್ಲಿ ಅಲ್ವಾ?”

“ಊಂ. ಒಳ್ಳೇದು ಕಣವ್ವ, ಬಿದ್ರೂ ಒಡಿಯಾಕಿಲ್ಲ. ಬೂದಿ ಆಕಿ ಉಜ್ದೆ, ಸೀಗೇಕಾಯಿ ಆಕ್ದೆ, ಮೂರ್ ಸಲ ಕುದ್ಸಿದೆ. ಈ ಬೀದಿಲೆಲ್ಲ ಇದ್ರಲ್ಲೇ ಎಣ್ಣೆ, ತುಪ್ಪ ಮಡಿಕಳಾದು.”

“ಇದರ ಮೇಲಿದ್ದ ಚೀಟಿ?”

“ಕಿತ್ತಾಕ್ದೆ. ಅಸಿಕೂಸಿನ ಆಲಿನ್ ಮ್ಯಾಲೆ ಆ ಎದೆ ಒಡೆದ್ ಮುಂಡೇದ್ನ ಯಾರ್ ಮಡಿಕತಾರೆ? ಅಪಶಕುನ.”

ಮುಚ್ಚಳ ತೆಗೆದು ಮೂಸಿದೆ. ಮಲ್ಲಿಗೆ. ತಲೆ ತಿರುಗುವಷ್ಟು ಮಲ್ಲಿಗೆ. ಮುಚ್ಚಳದ ಒಳಗಿನ ರಬ್ಬರಿನ ಬಿಲ್ಲೆಯನ್ನು ಉಗುರಿನಿಂದ ಎಬ್ಬಿಸಿದೆ. ಅದರ ಅಡಿಯಲ್ಲಿ ಎಣ್ಣೆ ಇನ್ನೂ ಜಿನುಗುತ್ತಿತ್ತು. ವೆಲೋಲ್ ನೀರಿಗೆ ಬಗ್ಗುವುದಿಲ್ಲ, ಕೊಬ್ಬಿಗೆ ಓಡಿಹೋಗಿ ಸೇರುತ್ತದೆ. ಹಾಲಿನಲ್ಲಿ ಕೊಬ್ಬಿದೆ.

ಬಾಟಲಿಯನ್ನು ಅವರ ಮೂಗಿನ ಹತ್ತಿರ ಹಿಡಿದೆ. “ಏನಾದರೂ ವಾಸನೆ ಬರುತ್ತಾ?”

ಚಿಕ್ಕತಾಯಮ್ಮ ಎಳೆದೆಳೆದು ಮೂಸಿದರು. ರೋಜಾ ಮೂಸಿದಳು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಏನಿಲ್ವಲ್ಲ,” ಎಂದರು ಚಿಕ್ಕತಾಯಮ್ಮ.

ಆ ಬೀದಿಯಲ್ಲಿ ಯಾರಿಗೂ ಮಲ್ಲಿಗೆಯ ವಾಸನೆ ಬರುವುದಿಲ್ಲ. ದಿನವೆಲ್ಲ ಅದರಲ್ಲೇ ಇರುವವರಿಗೆ ಅದು ಬರೀ ಗಾಳಿ. ಬೇರೆ ಬೀದಿಯ ಯಾವ ಅಜ್ಜಿಯಾದರೂ ಆ ಬಾಟಲಿಯಲ್ಲಿ ಹಾಲು ಹಾಕುವ ಮೊದಲೇ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಆಸ್ಪತ್ರೆಯಲ್ಲಿ ಸಿಸ್ಟರ್ ಹಾಲನ್ನು ಗಾಜಿನ ಬಾಟಲಿಗೆ ಬಗ್ಗಿಸಿಕೊಂಡು ಇದನ್ನು ವಾಪಸು ಕೊಟ್ಟಿದ್ದರು. ನಾನು ಕಂಡದ್ದು ಗಾಜಿನದನ್ನು ಮಾತ್ರ. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದರೆ ಮೊದಲ ಪಾತ್ರೆಯನ್ನೂ ಕೇಳಬೇಕು ಎಂಬುದು ಪುಸ್ತಕದ ಹದಿನಾರನೇ ಪುಟದಲ್ಲಿದೆ. ನನಗೆ ಬಾಯಿಪಾಠ.

“ರೋಜಾ, ನಿನ್ನ ಹಾಲಲ್ಲಿ ಏನೂ ಇಲ್ಲ ಅಂತ ಕಾಣುತ್ತೆ. ಬಾಟ್ಲೀಲಿ ಇದ್ದದ್ದು.”

“ಕಾಣುತ್ತೆ ಅಂದ್ರೆ?” ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. “ಇಲ್ವಾ? ಇಲ್ಲ ಅಂತ ಯೋಳ್ತೀರಾ?”

“ಇನ್ನೊಂದು ಸಲ ಪರೀಕ್ಷೆ ಮಾಡಿದರೆ ಗೊತ್ತಾಗುತ್ತೆ.”

“ಮಾಡಿ ಮತ್ತೆ. ಇವಾಗ್ಲೇ ಮಾಡಿ.”

ಹೊರಡುವಾಗ ಗೋಡೆ ಬದಿಯಲ್ಲಿ ದೊಡ್ಡಪತ್ರೆಯ ಕುಂಡವೊಂದು ಕಂಡಿತು. ಮಣ್ಣು ಬಿಳಿಚಿಕೊಂಡಿತ್ತು. ನಿನ್ನೆ ಮಧ್ಯಾಹ್ನದಿಂದ ಹಿಂಡಿದ ಹಾಲನ್ನೆಲ್ಲ ಚಿಕ್ಕತಾಯಮ್ಮ ಅದಕ್ಕೇ ಸುರಿಯುತ್ತಿದ್ದರು. ಎದೆಹಾಲನ್ನು ಕಾಲಾಡುವ ಕಡೆ ಚೆಲ್ಲಬಾರದಂತೆ. ಗುರುತಾದ ವಸ್ತುವನ್ನು ಸುರಿದ ಜಾಗಕ್ಕೂ ಹಾಳೆ ಹಚ್ಚಬೇಕು ಎಂಬುದು ನಿಯಮ. ಮಣ್ಣಿಗೆ ಹಚ್ಚುವ ಹಾಳೆಗೆ ಮೂಗು ಬೇಕಿಲ್ಲ, ಅದು ತಾನೇ ಹೀರಿ ತಾನೇ ಹೇಳುತ್ತದೆ, ಸ್ವಲ್ಪ ಒರಟಾಗಿ. ನಾಚಿಕೆಯಿಂದ ಒಂದು ತುಂಡನ್ನು ಮಣ್ಣಿಗೆ ತಾಗುವಂತೆ ಕುಂಡದ ಅಂಚಿಗೆ ಅಂಟಿಸಿದೆ.

“ಅದ್ಕೂನಾ?” ಎಂದರು ಚಿಕ್ಕತಾಯಮ್ಮ. “ನಂಗೂ ಒಂದ್ ಅಂಟ್ಸಿ ಓಗಿ, ಅಣೆಗೆ.”

*

ನಮ್ಮ ವಲಯದ ನಿಯಂತ್ರಣ ಕೋಣೆಯ ಮುಖ್ಯಸ್ಥರು ಸ್ಯಾಮ್ಸನ್ ಸರ್. ಗೋಡೆಯಷ್ಟಗಲದ ಪರದೆಯ ಮೇಲೆ ಲೋಕದ ನಕ್ಷೆ. ಹೊಸ ಗುರುತು ಮೂಡಿದ ಕಡೆಯೆಲ್ಲ ಒಂದೊಂದು ಕೆಂಪು ಚುಕ್ಕೆ. ಅವರು ನಮ್ಮೂರಿನ ಚುಕ್ಕೆಯನ್ನು ದೊಡ್ಡದು ಮಾಡಿ ತೋರಿಸಿದರು. ರೋಜಾಳ ಹೆಸರು, ಊರು, ‘ಮೂಲ: ತಾಯಿ’.

“ಇನ್ನೊಂದು ಸಲ ಮೂಸಿಸಿದರೆ ಆಯ್ತಲ್ಲ ಸರ್? ಹತ್ತು ನಿಮಿಷದ ಕೆಲಸ.”

“ಮೂಸಿಸೋಕೆ ಹೋಗಿದ್ದೆಯಾ?”

“ಆಸ್ಪತ್ರೆಗೆ ಹೋಗಿ ಗಾಜಿನ ಬಾಟಲೀಲಿ ಹೊಸ ಹಾಲು ತರಿಸಿ ಹಾಕಿದೆ. ‘ಮೂಲ ಮುಚ್ಚಿದೆ’ ಅಂತ ನಿಂತುಬಿಡ್ತು.”

“ನಿಲ್ಲಲೇಬೇಕಲ್ಲಮ್ಮ. ಒಪ್ಪಂದ ಮಾಡಿದ್ದೇ ಅದಕ್ಕೆ. ಗುರುತು ಹೋಗೋ ತನಕ ಪರೀಕ್ಷೆ ಮಾಡಿಸ್ತಾನೇ ಇರ್ತಿದ್ದರು, ಮರೆತುಬಿಟ್ಟೆಯಾ? ಮುಚ್ಚಿದ ಮೂಲ ತೆರೆಯೋದು ಪಟ್ಟಿ ಸಮಿತಿ ಮಾತ್ರ. ಅರ್ಜಿ ಹಾಕು. ಎಲ್ಲ ದೇಶಕ್ಕೂ ಹೋಗುತ್ತೆ. ಇಪ್ಪತ್ತೊಂದು ದಿನದಲ್ಲಿ ಯಾರೂ ಆಕ್ಷೇಪಣೆ ಎತ್ತದಿದ್ದರೆ ಒಂದು ಮರುಪರೀಕ್ಷೆಗೆ ಬಿಡ್ತಾರೆ.”

“ಇಪ್ಪತ್ತೊಂದು ದಿನ ಮಗು?”

“ಪುಡಿ ಹಾಲು ಇದೆ. ದಾನದ ಹಾಲು ಇದೆ. ಮಗುಗೇನೂ ಆಗಲ್ಲ.”

“ಅಷ್ಟರಲ್ಲಿ ತಾಯಿಗೆ ಹಾಲು ನಿಂತುಹೋದರೆ ಸರ್?”

ಸ್ಯಾಮ್ಸನ್ ಸರ್ ಕನ್ನಡಕ ತೆಗೆದು ಒರೆಸಿದರು. ಕೆಟ್ಟ ಮನುಷ್ಯರಲ್ಲ. ಕಳೆದ ವರ್ಷ ವಿಷದ ಪೀಪಾಯಿಗಳು ತುಂಬಿದ್ದ ಗೋದಾಮಿಗೆ ಬೆಂಕಿ ಬಿದ್ದಾಗ, ಗುರುತು ಓದಿಯೇ ಮುನ್ನೂರು ಜನರನ್ನು ಹೊರಗೆ ಕಳಿಸಿ ಬದುಕಿಸಿದವರು.

“ಲೋಲಾಕ್ಷಿ, ಒಂದು ಕೇಳ್ತೀನಿ. ‘ಗೊತ್ತಿಲ್ಲ’ ಅಂತ ಯಾಕೆ ಒತ್ತಲಿಲ್ಲ? ಒತ್ತಿದ್ದರೆ ಮೂಲ ತೆರೆದೇ ಇರ್ತಿತ್ತು. ನಾನೇ ಫೋನ್ ಮಾಡಿ ‘ಪಾತ್ರೆ ನೋಡಿದೆಯಾ’ ಅಂತ ಕೇಳ್ತಿದ್ದೆ. ಅಷ್ಟೇ.”

ಅರ್ಜಿಯನ್ನು ಅಲ್ಲೇ ಕೂತು ಬರೆದೆ. ಏಳು ಸಲ ತಿದ್ದಿದೆ.

*

ಆ ಇಪ್ಪತ್ತೊಂದು ದಿನಗಳ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ಬೆಳಿಗ್ಗೆ ಆಸ್ಪತ್ರೆಗೆ ಹೋದ ಕೂಡಲೇ ನಾಲ್ಕನೇ ಪೆಟ್ಟಿಗೆಯನ್ನು ನೋಡುತ್ತಿದ್ದೆ. ಮಗು ಪುಡಿ ಹಾಲಿನಲ್ಲಿ ದಿನಕ್ಕೆ ಹತ್ತು ಗ್ರಾಂ, ಹನ್ನೆರಡು ಗ್ರಾಂ ಹೆಚ್ಚುತ್ತಿತ್ತು. ಒಂದು ಸಲ ಹೊಟ್ಟೆ ಉಬ್ಬಿ ಎರಡು ದಿನ ಏನೂ ಕೊಡಲಿಲ್ಲ. ತಾಯಿ ಹಾಲಾಗಿದ್ದರೆ ಹೀಗಾಗುತ್ತಿತ್ತೇ ಎಂದು ಡಾಕ್ಟರನ್ನು ಕೇಳಿದೆ. ಆಗಬಹುದಿತ್ತು, ಆಗದೆಯೂ ಇರಬಹುದಿತ್ತು ಎಂದರು.

ರೋಜಾ ದಿನಾ ಹನ್ನೊಂದಕ್ಕೆ ಬರುತ್ತಿದ್ದಳು. ಪೆಟ್ಟಿಗೆಯ ಕಿಂಡಿಯಲ್ಲಿ ಕೈ ತೂರಿಸಿ ಮಗುವಿನ ಅಂಗಾಲು ಮುಟ್ಟುತ್ತಿದ್ದಳು. ಹೋಗುವಾಗ ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದಳು.

“ಬಂತಾ ಮೇಡಂ?”

“ಇನ್ನೂ ಇಲ್ಲ. ಇನ್ನು ಹದಿನೈದು ದಿನ. ಹಾಲು ಹಿಂಡ್ತಾ ಇರಮ್ಮ, ಬಿಡಬೇಡ. ಮೂರು ಗಂಟೆಗೊಂದು ಸಲ.”

“ಇಂಡ್ತಾ ಇವ್ನಿ. ಇಂಡಿ ಇಂಡಿ ಗಿಡುಕ್ ಉಯ್ಯಾದು. ಗಿಡ ಮಾತ್ರ ಎಂಗದೆ ಅಂತೀರಿ!” ಎಂದು ನಕ್ಕಳು. ಆಮೇಲೆ ತುಂಬ ಮೆಲ್ಲಗೆ ಕೇಳಿದಳು: “ಮೇಡಂ, ನಿಜವಾಗ್ಲೂ ಬಾಟ್ಲೀದೇನಾ? ನನ್ ಸಮಾಧಾನಕ್ಕೆ ಯೋಳಿದ್ದಲ್ಲ ತಾನೇ?”

ಬಾಟಲಿಯದೇ ಎಂದು ನನಗೆ ನೂರಕ್ಕೆ ತೊಂಬತ್ತೈದು ಭಾಗ ಅನಿಸುತ್ತಿತ್ತು. ಉಳಿದ ಐದು ಭಾಗ ಅವಳ ಕಪ್ಪು ಬೆರಳುಗಳನ್ನು ನೋಡುತ್ತಿತ್ತು. ಎಂಟು ತಿಂಗಳು ಅದ್ದಿದವಳು. ಮಿತಿಗಿಂತ ಕಡಿಮೆಯಾದರೂ ಸ್ವಲ್ಪ ಇರಬಹುದು. ಎಷ್ಟಿದ್ದರೆ ಹಾನಿ? ಪಟ್ಟಿ ಅದನ್ನು ಹೇಳುವುದಿಲ್ಲ. ಬೋರ್ಡು ಹುಲಿಯ ಬಗ್ಗೆ ಮಾತ್ರ ಹೇಳುತ್ತದೆ.

“ಪರೀಕ್ಷೆ ಆಗಲಿ,” ಎಂದೆ.

ಹದಿನೈದನೇ ದಿನ ಮಗುವನ್ನು ಮನೆಗೆ ಕಳಿಸಿದರು. ಮಗುವಿನ ಕಾರ್ಡಿನ ಮೇಲೂ ಆ ಚೌಕ ಬಂತು. ತಾಯಿಯ ದಾಖಲೆಯಿಂದ ಅದು ತಾನೇ ಇಳಿದು ಬರುತ್ತದೆ. ಫ್ಲೇವಿಯಾ ಅದರ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿಕೊಂಡೇ ಕಾರ್ಡನ್ನು ಕೊಟ್ಟರು.

ಆ ಸಂಜೆ ನಂಜುಂಡನಿಗೆ ಹೇಳಿದೆ. “ಮನೆಗೆ ಹೋದಳಲ್ಲ, ಬಾಗಿಲು ಹಾಕ್ಕೊಂಡು ಕುಡಿಸಿದರೆ ಯಾರು ಕೇಳ್ತಾರೆ?” ಎಂದ ಅವನು. “ಹೋಗಿ ಹೇಳು ಅವಳಿಗೆ.”

“ನಾನು ಹೇಳಿ, ಮಗುಗೆ ಏನಾದರೂ ಆದರೆ?”

ಅಮ್ಮ ತನ್ನ ಒಂದು ಕಣ್ಣಿನಿಂದ ನನ್ನನ್ನು ನೋಡಿ ಬಟ್ಟಲಿಗೆ ಸಾರು ಬಡಿಸಿದಳು.

*

ಇಪ್ಪತ್ತೆರಡನೇ ದಿನ ಬೆಳಿಗ್ಗೆ ಅನುಮತಿ ಬಂತು. ಯಾವ ದೇಶವೂ ಆಕ್ಷೇಪಿಸಿರಲಿಲ್ಲ. ಒಂದು ಮರುಪರೀಕ್ಷೆ, ಅದೇ ದಿನ, ತಾಯಿಯಿಂದ ನೇರವಾಗಿ ಗಾಜಿಗೆ, ಹತ್ತು ಮಿಲಿಲೀಟರ್. ಸಾಗಿಸಬಹುದಾದ ಮೂಗನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊರಟೆ. ಜೀವನದಲ್ಲಿ ಅಷ್ಟು ಸಂತೋಷವಾಗಿ ನಾನು ಕೆಲಸಕ್ಕೆ ಹೋದದ್ದಿಲ್ಲ.

ರೋಜಾಳ ಮನೆಯ ಹೊಸ್ತಿಲಲ್ಲಿ ಮಲ್ಲಿಗೆಯ ವಾಸನೆ ಬಂತು. ಬೀದಿಯದೇ ಇರಬೇಕು ಎಂದುಕೊಂಡು ಒಳಗೆ ಹೋದೆ. ಕೋಣೆಯೊಳಗೆ ಅದು ಬೇರೆಯೇ ಆಗಿತ್ತು. ತಣ್ಣಗೆ, ಹಸಿಯಾಗಿತ್ತು. ಎಣ್ಣೆಯದಲ್ಲ.

ರೋಜಾ ಗೋಡೆಗೆ ಒರಗಿ ಕೂತಿದ್ದಳು. ತೊಡೆಯ ಮೇಲೆ ಮಗು. ಸೆರಗಿನ ಅಡಿಯಲ್ಲಿ ಬಿಳಿಯ ಬಟ್ಟೆಯನ್ನು ಎದೆಗೆ ಬಿಗಿದು ಕಟ್ಟಿದ್ದರು. ಬಟ್ಟೆಯ ಅಂಚಿನಿಂದ ಬಾಡಿ ಕಂದಾದ ಹೂಗಳು ಇಣುಕುತ್ತಿದ್ದವು.

ಹಾಲು ಬತ್ತಿಸಲು ಎದೆಗೆ ಮಲ್ಲಿಗೆ ಕಟ್ಟುತ್ತಾರೆ. ಮಗು ಉಳಿಯದ ಮನೆಗಳಲ್ಲಿ ಕಟ್ಟುವುದನ್ನು ನಾನು ನೋಡಿದ್ದೆ.

“ಯಾವಾಗ ಕಟ್ಟಿದಿರಿ?” ಎಂದೆ.

“ನಾಕ್ ದಿನ ಆಯ್ತು,” ಎಂದರು ಚಿಕ್ಕತಾಯಮ್ಮ. “ಗಡ್ಡೆ ಕಟ್ಕಂಡು ಜ್ವರ ಬಂದು ಬಾಯ್ ಬಾಯ್ ಬುಟ್ಳು. ಮಗಾನ ಪಕ್ಕದಲ್ ಮನಿಕ್ಕಂಡು, ಅದು ಅತ್ರೆ ಇವ್ಳಿಗೆ ಆಲ್ ಸುರಿತದೆ. ಕುಡ್ಸಂಗಿಲ್ಲ. ಎಷ್ಟ್ ದಿನಾಂತ ನೋಡನವ್ವ ನಾನು? ನೀವ್ ಬತ್ತೀರಿ ಅಂತ ಕಾದ್ಲು. ನಾನೇ ಕಟ್ದೆ.”

“ಅನುಮತಿ ಬಂತು,” ಎಂದೆ. “ಪರೀಕ್ಷೆ ಇವತ್ತೇ. ಹತ್ತು ಮಿಲಿ ಬೇಕು. ಎರಡು ಚಮಚ, ಅಷ್ಟೇ.”

ರೋಜಾ ಮಗುವನ್ನು ಅತ್ತೆಯ ಕೈಗೆ ಕೊಟ್ಟು ಬಟ್ಟೆ ಬಿಚ್ಚಿದಳು. ಹೂಗಳು ಮಡಿಲಿಗೆ ಉದುರಿದವು. ಗಾಜಿನ ಬಟ್ಟಲು ಹಿಡಿದು ಹಿಂಡತೊಡಗಿದಳು. ಅರ್ಧ ಗಂಟೆ ಹಿಂಡಿದಳು. ತುಟಿ ಕಚ್ಚಿಕೊಂಡಿದ್ದಳು, ಹಣೆಯಲ್ಲಿ ಬೆವರು. ಬಿಸಿನೀರಿನ ಬಟ್ಟೆ ಇಟ್ಟೆವು. ಅಳುತ್ತಿದ್ದ ಮಗುವನ್ನು ಅವಳ ಕಿವಿಯ ಹತ್ತಿರ ಹಿಡಿದೆವು. ಬಟ್ಟಲಿನ ಗೆರೆ ನಾಲ್ಕಕ್ಕೆ ಮುಟ್ಟಿ ಅಲ್ಲೇ ನಿಂತಿತು.

ನಾಲ್ಕನ್ನೇ ಮೂಗಿನ ಬಾಯಿಯ ಕೆಳಗೆ ಇಟ್ಟೆ. ಅದು ತೂಗಿ ನೋಡಿತು. ಒಳಗೆ ಎಳೆದುಕೊಳ್ಳಲಿಲ್ಲ. ಪರದೆಯ ಮೇಲೆ ಬಂತು: ‘ಮಾದರಿ ಸಾಲದು. ಹಿಂದಿನ ವರ್ಗೀಕರಣ ಮುಂದುವರಿಯುತ್ತದೆ.’

ಬಟ್ಟಲನ್ನು ಹೊರಗೆ ತೆಗೆದೆ. ಸ್ಯಾಮ್ಸನ್ ಸರ್‌ಗೆ ಫೋನ್ ಮಾಡಿದೆ. ನೀರು ಬೆರೆಸುವಂತಿಲ್ಲ, ನಾಳೆಗೆ ಇಡುವಂತಿಲ್ಲ, ಅನುಮತಿ ಇವತ್ತಿಗೆ ಮಾತ್ರ. ಇನ್ನೊಂದು ಅರ್ಜಿ ಹಾಕಬಹುದು, ಇಪ್ಪತ್ತೊಂದು ದಿನ. ಅವರು ಇನ್ನೂ ಏನೋ ಹೇಳುತ್ತಿದ್ದರು. ನಾನು ಫೋನು ಇಟ್ಟೆ.

ರೋಜಾ ಕೈ ಚಾಚಿ ಬಟ್ಟಲು ತೆಗೆದುಕೊಂಡಳು. ಚಿಕ್ಕತಾಯಮ್ಮ ಮಗುವನ್ನು ಅವಳ ಮಡಿಲಿಗೆ ಹಾಕಿ, ಗೂಡಿನಿಂದ ಕೂಸಿಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆ ತಂದುಕೊಟ್ಟರು. ರೋಜಾ ನಾಲ್ಕು ಮಿಲಿ ಹಾಲನ್ನು ಅದಕ್ಕೆ ಬಗ್ಗಿಸಿದಳು. ಒಳಲೆಯ ಮೂತಿಯ ಹತ್ತಿರ ಮಗುವಿನ ಬಾಯಿ ಆಗಲೇ ತೆರೆದುಕೊಂಡು ಹುಡುಕುತ್ತಿತ್ತು.

“ಮೇಡಂ,” ಎಂದಳು. “ಇದೇ ಕೊನೇದು. ಕುಡುಸ್ಲಾ?”

ನಾನು ಅವಳ ಬೆರಳುಗಳನ್ನು ನೋಡಿದೆ. ಒಂದು ತಿಂ‌ಗಳಿಗೂ ಮೇಲಾಗಿ ಅದ್ದಿರಲಿಲ್ಲ, ಕಪ್ಪು ಇನ್ನೂ ಹೋಗಿರಲಿಲ್ಲ.

“ನೀವು ಕುಡ್ಸು ಅಂದ್ರೆ ಕುಡುಸ್ತೀನಿ. ಬ್ಯಾಡ ಅಂದ್ರೆ ಇಲ್ಲ. ಒಂದ್ ಮಾತ್ ಯೋಳಿ.”

“ಗೊತ್ತಿಲ್ಲ ಕಣಮ್ಮ,” ಎಂದೆ. “ನನಗೆ ಗೊತ್ತಿಲ್ಲ.”

ಮೂರು ವಾರದ ಹಿಂದೆ ಒಂದು ಗುಂಡಿ ಒತ್ತಿ ಹೇಳಬಹುದಾಗಿದ್ದ ಮಾತು. ಆಗ ಹೇಳಿದ್ದರೆ ಎಲ್ಲ ಬಾಗಿಲುಗಳೂ ತೆರೆದಿರುತ್ತಿದ್ದವು. ಈಗ ಅದು ಬೇಡ ಎಂಬ ಮಾತಿನಷ್ಟೇ ಭಾರವಾಗಿ ಅವಳ ಮೇಲೆ ಬಿತ್ತು.

ರೋಜಾ ಇನ್ನೂ ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಮಗುವಿನ ಬಾಯಿಯಿಂದ ಒಳಲೆಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದು ಅತ್ತೆಯ ಕೈಗೆ ಕೊಟ್ಟಳು. ಚಿಕ್ಕತಾಯಮ್ಮ ಅದನ್ನು ತೆಗೆದುಕೊಂಡರು. ಹೊರಗೆ ಹೋಗಿ ದೊಡ್ಡಪತ್ರೆಯ ಕುಂಡಕ್ಕೆ ಬಗ್ಗಿಸಿ, ಒಳಲೆಯನ್ನು ಒಮ್ಮೆ ಕೊಡವಿದರು.

ಒಳಗೆ ಪುಡಿ ಹಾಲಿನ ಡಬ್ಬದ ಮುಚ್ಚಳ ತೆಗೆದ ಸದ್ದಾಯಿತು.

ಮೂಗನ್ನು ಎತ್ತಿಕೊಂಡು ಹೊರಬಂದವಳು ಕುಂಡದ ಮುಂದೆ ನಿಂತೆ. ನಾನೇ ಅಂಟಿಸಿದ ಹಾಳೆ ಅಂಚಿನಲ್ಲಿ ಹಾಗೇ ಇತ್ತು. ನಾಲ್ಕು ದಿನದ ಹಿಂದಿನವರೆಗೆ, ಎರಡೂವರೆ ವಾರ, ದಿನಕ್ಕೆ ಎಂಟು ಸಲ ಅದರ ಬುಡಕ್ಕೆ ಹಾಲು ಬಿದ್ದಿತ್ತು. ಅದೂ ನೇರವಾಗಿ ಬಟ್ಟಲಿನಿಂದ, ಆ ಬಾಟಲಿಯನ್ನು ಮುಟ್ಟದೆ. ಹಾಳೆಯ ಮೇಲೆ ಒಂದು ಕೆಂಪು ಗೆರೆಯೂ ಇರಲಿಲ್ಲ. ಮಣ್ಣಿನ ಹಾಳೆಗೆ ಮಿತಿ ದೊಡ್ಡದು, ಮಣ್ಣು ಎಷ್ಟೋ ನುಂಗಿಬಿಡುತ್ತದೆ, ಇದರಿಂದ ಏನೂ ಸಾಬೀತಾಗುವುದಿಲ್ಲ ಎಂದು ನನಗೆ ಗೊತ್ತು. ಆದರೂ ಕೊನೆಯ ನಾಲ್ಕು ಮಿಲಿ ಮಣ್ಣಿಗೆ ಇಂಗುವ ತನಕ ಕಾದೆ. ಹತ್ತು ನಿಮಿಷ. ಇನ್ನೂ ಹತ್ತು ನಿಮಿಷ.

ಹಾಳೆ ಬೆಳ್ಳಗೇ ಇತ್ತು.